ಪುಟದ ಮೇಲಿನ ವಚನ, ಪುಟದ ಕೆಳಗಿನ ದಿನ: ಯೋಖೆನ್ ಕ್ಲೆಪ್ಪರ್ ದಿನಚರಿಯ ಒಂದು ಓದು

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಸಂಘದ ರಾಜ್ಯೋತ್ಸವ ಆ ಸಲ ನವೆಂಬರ್ 9ರಂದು ಬಿದ್ದಿತ್ತು. ಕಾರ್ಯಕ್ರಮ ಮುಗಿಸಿ, ಉಳಿದ ಹೋಳಿಗೆಯ ಡಬ್ಬಿ ಹಿಡಿದುಕೊಂಡು ಮನೆಗೆ ನಡೆದು ಬರುತ್ತಿದ್ದೆವು. ನಮ್ಮ ಬೀದಿಯ ಮೂಲೆಯಲ್ಲಿ ಏಳೆಂಟು ಮಂದಿ ಮೊಣಕಾಲೂರಿ ಪಾದಚಾರಿ ದಾರಿಯ ಕಲ್ಲುಗಳನ್ನು ಬಟ್ಟೆಯಿಂದ ಉಜ್ಜುತ್ತಿದ್ದರು. ಪಕ್ಕದಲ್ಲಿ ಮೇಣದ ಬತ್ತಿಗಳು, ಒಂದೊಂದು ಬಿಳಿ ಗುಲಾಬಿ. ಮಗ ಕೇಳಿದ: "ಇವರೂ ಪೂಜೆ ಮಾಡ್ತಾರಾ?"

ಅದು ಪೂಜೆಯಲ್ಲ. ಜರ್ಮನಿಯಲ್ಲಿ ಇರುವ ನಮಗೆಲ್ಲ ಆ ಹಿತ್ತಾಳೆಯ ಕಲ್ಲುಗಳು ಗೊತ್ತು. ಇಂಥ ಮನೆಯಲ್ಲಿ ಇಂಥವರಿದ್ದರು, ಇಂಥ ವರ್ಷ ಅವರನ್ನು ಎಳೆದೊಯ್ದರು ಎಂದು ಅವುಗಳ ಮೇಲೆ ಕೆತ್ತಿರುತ್ತದೆ. ಗುಂಟರ್ ಡೆಮ್ನಿಗ್ ಎಂಬ ಕಲಾವಿದರು 1990ರ ದಶಕದಲ್ಲಿ ಶುರುಮಾಡಿದ ಈ ಕಲ್ಲುಗಳು ಇಂದು ಯುರೋಪಿನಾದ್ಯಂತ ಒಂದು ಲಕ್ಷವನ್ನು ದಾಟಿವೆ. 1938ರ ನವೆಂಬರ್ 9ರ ರಾತ್ರಿ ದೇಶದ ತುಂಬ ಯೆಹೂದ್ಯರ ಸಿನಗಾಗ್‌ಗಳಿಗೆ ಬೆಂಕಿ ಬಿತ್ತು. ಅದರ ನೆನಪಿಗೆ ಪ್ರತಿವರ್ಷ ಆ ದಿನ ಅಕ್ಕಪಕ್ಕದವರು ಬಂದು ಕಲ್ಲುಗಳನ್ನು ಬೆಳಗುತ್ತಾರೆ.

ಅಲ್ಲಿ ಮೊಣಕಾಲೂರಿದ್ದವರಲ್ಲಿ ನಮ್ಮ ಮೇಲಂತಸ್ತಿನ ವೃದ್ಧೆಯೂ ಇದ್ದರು. ಅವರ ಅಡುಗೆಮನೆಯ ಮೇಜಿನ ಮೇಲೆ ಸದಾ ಒಂದು ಸಣ್ಣ ನೀಲಿ ಹೊತ್ತಗೆ ಇರುತ್ತಿತ್ತು. ನಮ್ಮ ಅಜ್ಜಿಯ ಮನೆಯಲ್ಲಿ ಪಂಚಾಂಗ ಇರುತ್ತಿದ್ದ ಹಾಗೆ. ಬೆಳಿಗ್ಗೆ ಕಾಫಿಯೊಂದಿಗೆ ಅವರು ಅದರಲ್ಲಿ ಆ ದಿನದ ಎರಡು ವಾಕ್ಯ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತಿದ್ದರು. ಆ ಹೊತ್ತಗೆಗೂ ಈ ಕಲ್ಲುಗಳಿಗೂ ಏನು ಸಂಬಂಧ ಎಂದು ನಾನು ಕೇಳಿದಾಗ ಅವರು ವಿವರಿಸಲು ಹೋಗಲಿಲ್ಲ. ಕಪಾಟಿನಿಂದ ಸಾವಿರಕ್ಕೂ ಹೆಚ್ಚು ಪುಟಗಳ ಒಂದು ದಪ್ಪ ಪುಸ್ತಕ ತೆಗೆದುಕೊಟ್ಟರು. ಅದು ಯೋಖೆನ್ ಕ್ಲೆಪ್ಪರ್ ಎಂಬ ಲೇಖಕನ ದಿನಚರಿ. 1956ರಲ್ಲಿ ಅವನ ಸಹೋದರಿ ಹಿಲ್ಡೆಗಾರ್ಡ್ ಸಂಪಾದಿಸಿ ಪ್ರಕಟಿಸಿದ್ದು. ಹೆಸರು ದಾವೀದನ ಕೀರ್ತನೆಯಿಂದ ತೆಗೆದದ್ದು: 'ನಿನ್ನ ರೆಕ್ಕೆಗಳ ನೆರಳಿನಲ್ಲಿ'.

ಆ ಪುಸ್ತಕವನ್ನು ನಿಧಾನವಾಗಿ, ಎರಡು ಚಳಿಗಾಲಗಳ ಕಾಲ ಓದಿದೆ. ಈ ಲೇಖನ ಆ ಓದಿನ ಫಲ. ದಿನನಿತ್ಯದ ಭಕ್ತಿ ಎಂಬುದು ದ್ವೇಷದ ಕಾಲದಲ್ಲಿ ಮನುಷ್ಯನಿಗೆ ಏನು ಮಾಡಿಕೊಡುತ್ತದೆ, ಏನು ಮಾಡಿಕೊಡುವುದಿಲ್ಲ ಎಂಬುದಷ್ಟೇ ಇಲ್ಲಿನ ಪ್ರಶ್ನೆ.

ಚೀಟಿಯಲ್ಲಿ ಬರುವ ವಚನ

ಮೊದಲು ಆ ನೀಲಿ ಹೊತ್ತಗೆಯ ವಿಷಯ. ಸ್ಯಾಕ್ಸನಿಯ ಹೆರ್ನ್‌ಹೂಟ್ ಎಂಬ ಸಣ್ಣ ಊರಿನಲ್ಲಿ ಮೊರಾವಿಯಾದಿಂದ ಓಡಿಬಂದ ನಿರಾಶ್ರಿತ ಕ್ರೈಸ್ತರು ನೆಲೆಸಿದ್ದರು. ಅವರಿಗೆ ಆಶ್ರಯ ಕೊಟ್ಟ ಕೌಂಟ್ ತ್ಸಿಂಟ್ಸೆನ್‌ಡೋರ್ಫ್ 1728ರಲ್ಲಿ ದಿನಕ್ಕೊಂದು ವಾಕ್ಯವನ್ನು ಮನೆಮನೆಗೆ ತಲುಪಿಸುವ ಪದ್ಧತಿ ಶುರುಮಾಡಿದ. 1731ರಿಂದ ಅದು ಅಚ್ಚಾಗಿ ಬರುತ್ತಿದೆ. ಜರ್ಮನ್ ಭಾಷೆಯಲ್ಲಿ ಇದಕ್ಕೆ 'ಲೋಸುಂಗೆನ್' ಎಂದು ಹೆಸರು. ಇಂದು ಐವತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಇದನ್ನು ಓದುವವರಿದ್ದಾರೆ.

ಇದರ ಕ್ರಮ ಕುತೂಹಲಕಾರಿಯಾಗಿದೆ. ಹಳೆ ಒಡಂಬಡಿಕೆಯಿಂದ ಆರಿಸಿಟ್ಟ ಸುಮಾರು 1,800 ವಾಕ್ಯಗಳಿಂದ ಪ್ರತಿದಿನಕ್ಕೂ ಒಂದನ್ನು ಚೀಟಿ ಎತ್ತಿ ಗೊತ್ತುಮಾಡುತ್ತಾರೆ. ಅದಕ್ಕೆ ಹೊಂದುವ ಹೊಸ ಒಡಂಬಡಿಕೆಯ ಮಾತೊಂದನ್ನು ಆಮೇಲೆ ಆರಿಸಿ ಜೋಡಿಸುತ್ತಾರೆ. ಇದರ ಅರ್ಥವನ್ನು ಗಮನಿಸಬೇಕು. ಹಳೆ ಒಡಂಬಡಿಕೆ ಎಂದರೆ ಯೆಹೂದ್ಯರ ಧರ್ಮಗ್ರಂಥ. ಅಂದರೆ ಈ ಹೊತ್ತಗೆ ಹಿಡಿದ ಕ್ರೈಸ್ತ ಪ್ರತಿದಿನ ಬೆಳಿಗ್ಗೆ ಮೊದಲು ಓದುವುದು ಯೆಹೂದ್ಯರ ಮಾತನ್ನು. ಏಸುವಿನ ಮಾತು, ಪೌಲನ ಮಾತು ಆಮೇಲೆ.

ಕನ್ನಡದ ಸತ್ಯವೇದದಲ್ಲಿ ಇಂಥ ವಾಕ್ಯಕ್ಕೆ 'ವಚನ' ಎಂದೇ ಹೆಸರು. ನಮಗೆ ವಚನವೆಂದರೆ ಶರಣರ ಮಾತು. ನುಡಿಯೊಳಗಾಗಿ ನಡೆಯದಿದ್ದರೆ ದೇವರೂ ಮೆಚ್ಚನೆಂದು ಪಟ್ಟುಹಿಡಿದ ಮಾತು. ಅದೇ ಅಳತೆಗೋಲಿನಿಂದ ಕ್ಲೆಪ್ಪರನ ದಿನಚರಿಯನ್ನೂ ಅಳೆಯಬಹುದೆಂದು ನನಗೆ ಓದುತ್ತಾ ಅನ್ನಿಸಿತು.

ಕ್ಲೆಪ್ಪರ್ ಯಾರು?

ಕ್ಲೆಪ್ಪರ್ ಹುಟ್ಟಿದ್ದು 1903ರ ಮಾರ್ಚ್ 22ರಂದು, ಓಡರ್ ನದಿಯ ದಂಡೆಯ ಬಾಯ್ಟನ್ ಎಂಬ ಪಟ್ಟಣದಲ್ಲಿ. ತಂದೆ ಲುಥೆರನ್ ಸಭೆಯ ಪಾದ್ರಿ. ಎರ್‌ಲಾಂಗೆನ್ ಮತ್ತು ಬ್ರೆಸ್ಲೌ ನಗರಗಳಲ್ಲಿ ದೇವತಾಶಾಸ್ತ್ರ ಓದಿದರೂ ಪಾದ್ರಿಯಾಗಲಿಲ್ಲ. ಪತ್ರಿಕೆಗೂ ರೇಡಿಯೋಗೂ ಬರೆಯತೊಡಗಿದ. 1931ರಲ್ಲಿ ಯೋಹಾನ್ನಾ ಶ್ಟೈನ್ ಎಂಬ ವಿಧವೆಯನ್ನು ಮದುವೆಯಾದ. ಆಕೆ ಅವನಿಗಿಂತ 13 ವರ್ಷ ದೊಡ್ಡವಳು, ಯೆಹೂದಿ, ಬ್ರಿಗಿಟೆ ಮತ್ತು ರೆನಾಟೆ ಎಂಬ ಇಬ್ಬರು ಹೆಣ್ಣುಮಕ್ಕಳ ತಾಯಿ. ಮನೆಯಲ್ಲಿ ಆಕೆಯನ್ನು ಹಾನ್ನಿ ಎನ್ನುತ್ತಿದ್ದರು.

ದಿನಚರಿ ಶುರುವಾಗುವುದು 1932ರಲ್ಲಿ. ಮರುವರ್ಷ ಹಿಟ್ಲರ್ ಅಧಿಕಾರಕ್ಕೆ ಬಂದ. ಕ್ಲೆಪ್ಪರನಿಗೆ 1933ರಲ್ಲಿ ಬರ್ಲಿನ್ ರೇಡಿಯೋ ಕೆಲಸ ಹೋಯಿತು. 1935ರಲ್ಲಿ ಪ್ರಕಾಶನ ಸಂಸ್ಥೆಯ ಕೆಲಸವೂ ಹೋಯಿತು. 1937ರಲ್ಲಿ ಪ್ರಷ್ಯಾದ ದೊರೆ ಒಂದನೇ ಫ್ರೀಡ್ರಿಖ್ ವಿಲ್‌ಹೆಲ್ಮ್ ಕುರಿತ ಅವನ ದೊಡ್ಡ ಕಾದಂಬರಿ 'ತಂದೆ' ಪ್ರಕಟವಾಗಿ ಮೆಚ್ಚುಗೆ ಪಡೆಯಿತು. ಕೆಲವೇ ವಾರಗಳಲ್ಲಿ ಲೇಖಕರ ಸರ್ಕಾರಿ ಮಂಡಲಿಯಿಂದ ಅವನನ್ನು ಹೊರಹಾಕಿದರು. ಕಾರಣ, ಹೆಂಡತಿ ಯೆಹೂದಿ. ಮಂಡಲಿಯಲ್ಲಿ ಇಲ್ಲದವನು ಪ್ರತ್ಯೇಕ ಅನುಮತಿ ಇಲ್ಲದೆ ಏನನ್ನೂ ಪ್ರಕಟಿಸುವಂತಿರಲಿಲ್ಲ.

ಅದೇ ವರ್ಷದ ಡಿಸೆಂಬರಿನಲ್ಲಿ ಅವನು ಕ್ರಿಸ್ಮಸ್ ಮುಂಚಿನ ನಿರೀಕ್ಷೆಯ ವಾರಗಳಿಗಾಗಿ ಒಂದು ಹಾಡು ಬರೆದ. ಕತ್ತಲು ಕಳೆಯುತ್ತಿದೆ, ಆದರೆ ಇನ್ನೂ ಪೂರ್ತಿ ಕಳೆದಿಲ್ಲ ಎಂಬ ಭಾವದ ಆ ಹಾಡು ಇಂದಿಗೂ ಜರ್ಮನಿಯ ಪ್ರೊಟೆಸ್ಟೆಂಟ್ ಮತ್ತು ಕ್ಯಾಥೊಲಿಕ್ ಎರಡೂ ಗೀತಪುಸ್ತಕಗಳಲ್ಲಿದೆ. ನಮ್ಮ ಮಕ್ಕಳಲ್ಲಿ ಕೆಲವರು ಶಾಲೆಯ ವೃಂದದಲ್ಲಿ ಅದನ್ನು ಹಾಡಿಯೂ ಇದ್ದಾರು. ಬರೆದವನ ಮನೆಯ ಕತೆ ಹಾಡುವವರಿಗೆ ತಿಳಿದಿರುವುದು ಅಪರೂಪ.

ಮೇಲೆ ವಚನ, ಕೆಳಗೆ ದಿನ

ದಿನಚರಿಯ ರೂಪವೇ ಅದರ ಮುಖ್ಯ ಅರ್ಥ. ದಿನದ ಬರಹದ ನೆತ್ತಿಯ ಮೇಲೆ ಒಂದು ವಚನ, ಬಹುಮಟ್ಟಿಗೆ ಹೆರ್ನ್‌ಹೂಟಿನ ಆ ಹೊತ್ತಗೆಯದು. ಅದರ ಕೆಳಗೆ ಆ ದಿನ ನಡೆದದ್ದು: ಹೂದೋಟದಲ್ಲಿ ಅರಳಿದ ಗುಲಾಬಿ, ಹಾನ್ನಿಯ ಆರೋಗ್ಯ, ಪ್ರಕಾಶಕನ ಪತ್ರ, ಹೊಸ ಮನೆಯ ಕಿಟಕಿ, ಬಂದುಹೋದ ಅತಿಥಿಗಳು, ಜೊತೆಗೆ ಯೆಹೂದ್ಯರ ವಿರುದ್ಧ ಹೊರಬಿದ್ದ ಹೊಸ ಕಟ್ಟಳೆ. ಎಲ್ಲವೂ ಒಂದೇ ದನಿಯಲ್ಲಿ, ಒಂದೇ ಪುಟದಲ್ಲಿ.

ಭಕ್ತಿಸಾಹಿತ್ಯ ಸಾಮಾನ್ಯವಾಗಿ ಹೀಗೆ ಬರೆಯುವುದಿಲ್ಲ. ದಿನಕ್ಕೊಂದು ಚಿಂತನೆಯ ಪುಸ್ತಕಗಳಲ್ಲಿ, ಅವು ಯಾವ ಧರ್ಮದ್ದಾದರೂ ಸರಿ, ವಾಕ್ಯ ಇರುತ್ತದೆ, ಅದಕ್ಕೊಂದು ವಿವರಣೆ ಇರುತ್ತದೆ, ಕೊನೆಗೆ ಮನಸ್ಸಿಗೆ ನೆಮ್ಮದಿ ಇರುತ್ತದೆ. ದಿನ ಮಾತ್ರ ಇರುವುದಿಲ್ಲ. ತಾರೀಖು ಅಚ್ಚಾಗಿದ್ದರೂ ಆ ತಾರೀಖಿನಂದು ಪಕ್ಕದ ಬೀದಿಯಲ್ಲಿ ಏನಾಯಿತು ಎಂಬುದು ಒಳಗೆ ಬರುವುದಿಲ್ಲ. ಕ್ಲೆಪ್ಪರನ ಪುಟದಲ್ಲಿ ದಿನ ಬಾಗಿಲು ತಳ್ಳಿಕೊಂಡು ಬರುತ್ತದೆ. ಎಷ್ಟೋ ಸಲ ಮೇಲಿನ ವಚನ ಕಾಪಾಡುವ ದೇವರ ಬಗ್ಗೆ ಇರುತ್ತದೆ, ಕೆಳಗಿನ ಸಾಲುಗಳಲ್ಲಿ ಕಾಪಾಡುವವರು ಯಾರೂ ಕಾಣುವುದಿಲ್ಲ. ಅವನು ಈ ಅಂತರವನ್ನು ಮುಚ್ಚಿಡುವುದಿಲ್ಲ, ವಿವರಣೆ ಕೊಟ್ಟು ಸರಿಮಾಡುವುದೂ ಇಲ್ಲ. ಎರಡನ್ನೂ ಬರೆದು ದೀಪ ಆರಿಸುತ್ತಾನೆ. ಮರುದಿನ ಮತ್ತೆ ವಚನ, ಮತ್ತೆ ದಿನ.

ಈ ದಿನಚರಿಯ ದೊಡ್ಡತನ ಇಲ್ಲಿದೆ ಎಂದು ನಾನು ನಂಬಿದ್ದೇನೆ. ದ್ವೇಷ ಒಂದೇ ದಿನ ಬರುವುದಿಲ್ಲ. 1933ರ ಏಪ್ರಿಲ್ 1ರಂದು ಅಂಗಡಿಗಳ ಬಹಿಷ್ಕಾರ, 1935ರಲ್ಲಿ ಪೌರತ್ವ ಕಸಿದ ನ್ಯೂರೆಂಬರ್ಗ್ ಕಾನೂನು, 1939ರ ಆರಂಭದಿಂದ ಯೆಹೂದಿ ಹೆಂಗಸರ ಹೆಸರಿಗೆಲ್ಲ 'ಸಾರಾ' ಎಂದು ಸೇರಿಸುವ ಕಡ್ಡಾಯ, 1941ರ ಸೆಪ್ಟೆಂಬರಿನಿಂದ ಎದೆಯ ಮೇಲೆ ಹಳದಿ ನಕ್ಷತ್ರ, ಅದೇ ಅಕ್ಟೋಬರಿನಿಂದ ಬರ್ಲಿನ್ನಿನಿಂದ ರೈಲುಗಳು. ಇತಿಹಾಸದ ಪುಸ್ತಕದಲ್ಲಿ ಇವು ಐದು ಸಾಲುಗಳು. ದಿನಚರಿಯಲ್ಲಿ ಇವುಗಳ ನಡುವೆ ನೂರಾರು ಬೆಳಗುಗಳಿವೆ. ಪ್ರತಿಯೊಂದು ಕಟ್ಟಳೆಯ ಆಚೆ ಮನೆಯವರು 'ಇದಿಷ್ಟೇ, ಇನ್ನು ಮುಂದೆ ಹೋಗಲಾರದು' ಎಂದುಕೊಳ್ಳುತ್ತಾರೆ. ನಾವಾಗಿದ್ದರೂ ಹಾಗೆಯೇ ಅಂದುಕೊಳ್ಳುತ್ತಿದ್ದೆವು ಎಂದು ಓದುವವನಿಗೆ ಅನ್ನಿಸುತ್ತದೆ. ಅದೇ ಈ ಪುಸ್ತಕ ಹುಟ್ಟಿಸುವ ಭಯ.

ಸಭೆಯೊಳಗಿನ ವಿಷ

ಯೆಹೂದಿ ದ್ವೇಷ ಸಭೆಯ ಹೊರಗಿನಿಂದ, ನಾಸ್ತಿಕರಿಂದ ಬಂದದ್ದು ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಇತಿಹಾಸ ಹಾಗೆ ಹೇಳುವುದಿಲ್ಲ. 1543ರಲ್ಲಿ ಮಾರ್ಟಿನ್ ಲೂಥರ್ ಸ್ವತಃ ಯೆಹೂದ್ಯರ ಸಿನಗಾಗ್‌ಗಳನ್ನು ಸುಡಬೇಕೆಂದು ಪುಸ್ತಕ ಬರೆದಿದ್ದ. 1938ರ ನವೆಂಬರಿನಲ್ಲಿ ಅವು ನಿಜಕ್ಕೂ ಉರಿದಾಗ ಥುರಿಂಗಿಯಾದ ಬಿಷಪ್ ಮಾರ್ಟಿನ್ ಸಾಸ್ಸೆ, ನವೆಂಬರ್ 10 ಲೂಥರನ ಹುಟ್ಟುಹಬ್ಬವೆಂದು ನೆನಪಿಸಿ, ಆ ಹಳೆಯ ಮಾತುಗಳನ್ನೇ ಕಿರುಹೊತ್ತಗೆಯಾಗಿ ಹಂಚಿದ.

'ಜರ್ಮನ್ ಕ್ರೈಸ್ತರು' ಎಂಬ ಗುಂಪು ಸಭೆಯನ್ನೇ ನಾಜಿ ಅಚ್ಚಿನಲ್ಲಿ ಎರೆಯಲು ಹೊರಟಿತ್ತು. 1933ರ ನವೆಂಬರ್ 13ರಂದು ಬರ್ಲಿನ್ನಿನ ಸ್ಪೋರ್ಟ್‌ಪಲಾಸ್ಟ್ ಸಭಾಂಗಣದಲ್ಲಿ ಅವರ ನಾಯಕ ರೈನ್‌ಹೋಲ್ಡ್ ಕ್ರೌಸೆ ಹಳೆ ಒಡಂಬಡಿಕೆಯನ್ನೇ ಬಿಟ್ಟುಬಿಡಬೇಕೆಂದು ಸಾವಿರಾರು ಜನರ ಮುಂದೆ ಭಾಷಣ ಮಾಡಿದ. 1939ರಲ್ಲಿ ಐಸೆನಾಖ್ ಊರಿನಲ್ಲಿ ಕ್ರೈಸ್ತ ಧರ್ಮದಿಂದ ಯೆಹೂದಿ ಪ್ರಭಾವವನ್ನು ತೊಡೆಯಲೆಂದೇ ಒಂದು ಸಂಶೋಧನಾ ಸಂಸ್ಥೆ ತೆರೆಯಿತು. ಅಲ್ಲಿನ ವಿದ್ವಾಂಸರು ಯೆಹೂದಿ ಗುರುತುಗಳನ್ನು ಅಳಿಸಿದ ಹೊಸ ಒಡಂಬಡಿಕೆಯನ್ನೂ ಗೀತಪುಸ್ತಕವನ್ನೂ ಅಚ್ಚುಹಾಕಿದರು.

ಇಲ್ಲಿ ಕನ್ನಡಿಗರು ಒಂದು ಹೆಸರಿನ ಬಳಿ ನಿಲ್ಲಬೇಕು. ಕಿಟೆಲ್ ಎಂದರೆ ನಮಗೆ ಒಬ್ಬರೇ: ಬಾಸೆಲ್ ಮಿಶನ್ನಿನಿಂದ ಬಂದು, ಸುಮಾರು 70,000 ಪದಗಳ ಕನ್ನಡ ನಿಘಂಟನ್ನು 1894ರಲ್ಲಿ ಕೊಟ್ಟು, 1903ರಲ್ಲಿ ಟ್ಯೂಬಿಂಗೆನ್‌ನಲ್ಲಿ ತೀರಿಕೊಂಡ ಫೆರ್ಡಿನಾಂಡ್ ಕಿಟೆಲ್. ಅದೇ ಟ್ಯೂಬಿಂಗೆನ್‌ನಲ್ಲಿ ಮುಂದೆ ಗೆರ್‌ಹಾರ್ಡ್ ಕಿಟೆಲ್ ಎಂಬ ಇನ್ನೊಬ್ಬ ವಿದ್ವಾಂಸನಿದ್ದ. ಅವನೂ ನಿಘಂಟುಕಾರನೇ. ಹೊಸ ಒಡಂಬಡಿಕೆಯ ಗ್ರೀಕ್ ಪದಗಳ ಕುರಿತು ಅವನು ಸಂಪಾದಿಸಿದ ಮಹಾಕೋಶದ ಮೊದಲ ಸಂಪುಟ 1933ರಲ್ಲಿ ಬಂತು. ಅದೇ ವರ್ಷ ಅವನು ನಾಜಿ ಪಕ್ಷ ಸೇರಿದ, 'ಯೆಹೂದ್ಯರ ಪ್ರಶ್ನೆ' ಎಂಬ ಪುಸ್ತಕವನ್ನೂ ಬರೆದ. ತಲೆಮಾರುಗಳಿಂದ ಈ ನೆಲದಲ್ಲಿ ಹುಟ್ಟಿ ಬೆಳೆದ ಯೆಹೂದ್ಯರನ್ನು ಪ್ರಜೆಗಳೆಂದಲ್ಲ, 'ಅತಿಥಿ'ಗಳೆಂದು ಇರಿಸಿಕೊಳ್ಳಬೇಕು ಎಂಬುದು ಅವನ ಸಲಹೆಯಾಗಿತ್ತು.

'ಅತಿಥಿ' ಎಂಬ ಮಾತು ನಮ್ಮಂಥ ವಲಸಿಗರಿಗೆ ಚೆನ್ನಾಗಿ ಗೊತ್ತು. ಅತಿಥಿಯನ್ನು ದೇವರೆಂದು ಕಲಿತು ಬಂದವರು ನಾವು. ಅದೇ ಮಾತನ್ನು ಹಕ್ಕು ಕಸಿಯುವ ಉಪಾಯವಾಗಿ ಬಳಸಬಹುದು, ಅದೂ ಪವಿತ್ರ ಪದಗಳ ಬೇರುಗಳನ್ನು ಜೀವಮಾನವಿಡೀ ಹುಡುಕಿದ ಪಂಡಿತನೇ ಹಾಗೆ ಬಳಸಬಹುದು ಎಂಬುದು ಮರೆಯಬಾರದ ಪಾಠ. ಶಾಸ್ತ್ರದ ಪಾಂಡಿತ್ಯ ದ್ವೇಷಕ್ಕೆ ಲಸಿಕೆಯಲ್ಲ.

ಆ ದಿನಗಳಲ್ಲಿ ಹೆರ್ನ್‌ಹೂಟಿನ ಹೊತ್ತಗೆ ಹಳೆ ಒಡಂಬಡಿಕೆಯ ವಾಕ್ಯವನ್ನೇ ದಿನದ ತಲೆಯ ಮೇಲೆ ಇಡುತ್ತಿತ್ತು. ಬಿಡಬೇಕೆಂದು ಸಭಾಂಗಣದಲ್ಲಿ ಕೂಗಿದ ಗ್ರಂಥವೇ ಅಡುಗೆಮನೆಗಳಲ್ಲಿ ದಿನವೂ ತೆರೆದುಕೊಳ್ಳುತ್ತಿತ್ತು. ಕ್ಲೆಪ್ಪರನ ಮನೆಯಲ್ಲಿ ಆ ವಾಕ್ಯದ ಎದುರು ಆ ಗ್ರಂಥದ ಜನರಲ್ಲೇ ಒಬ್ಬಳು ಕುಳಿತಿದ್ದಳು. ಅವನ ಭಕ್ತಿ ಉಳಿದ ಎಷ್ಟೋ ಭಕ್ತರ ಭಕ್ತಿಯಂತೆ ಕುರುಡಾಗದಿರಲು ಇದೂ ಕಾರಣ. ಅವನಿಗೆ ಯೆಹೂದ್ಯರು ಒಂದು 'ಪ್ರಶ್ನೆ' ಆಗಿರಲಿಲ್ಲ, ಮೇಜಿನ ಆಚೆ ಬದಿಯಲ್ಲಿ ಕಾಫಿ ಬಗ್ಗಿಸುವ ಹೆಂಡತಿಯಾಗಿದ್ದರು.

ಒಪ್ಪಿಕೊಳ್ಳಲಾಗದ ಭಾಗ

ಆದರೂ ಕ್ಲೆಪ್ಪರನನ್ನು ಸಂತನನ್ನಾಗಿ ಮಾಡುವ ಬರಹಗಳನ್ನು ಒಪ್ಪುವುದು ನನಗೆ ಕಷ್ಟ. ದಿನಚರಿಯಲ್ಲೇ ಅದಕ್ಕೆ ಕಾರಣಗಳಿವೆ.

ಮೊದಲನೆಯದು, ವಿಧೇಯತೆ. ಪಾದ್ರಿಯ ಮಗನಾದ ಅವನಲ್ಲಿ ಅಧಿಕಾರವೆಲ್ಲ ದೇವರಿಂದ ಬಂದದ್ದು ಎಂಬ ಪೌಲನ ಬೋಧೆ ಆಳವಾಗಿ ಇಳಿದಿತ್ತು. ಪ್ರಷ್ಯಾದ ದೊರೆಯನ್ನು ದೇವರ ಸೇವಕನಾಗಿ ಚಿತ್ರಿಸಿದ ಅವನ ಕಾದಂಬರಿಯಲ್ಲಿ ಒಳ್ಳೆಯ ಅರಸು ಹೇಗಿರಬೇಕೆಂಬ ಆದರ್ಶವಿದೆ. ಕೆಟ್ಟ ಅರಸನಿಗೆ ಪ್ರಜೆ ಏನು ಮಾಡಬೇಕೆಂಬುದಕ್ಕೆ ಮಾತ್ರ ಅವನಲ್ಲಿ ಉತ್ತರವಿಲ್ಲ. 1938ರ ನವೆಂಬರಿನ ಬೆಂಕಿಯ ಮರುದಿನವೂ ಅವನು ಜನಸಾಮಾನ್ಯರು ಇದನ್ನು ಒಪ್ಪುತ್ತಿಲ್ಲವೆಂಬ ಸುದ್ದಿಯನ್ನು ಸಮಾಧಾನಕ್ಕೆಂಬಂತೆ ಬರೆದಿಡುತ್ತಾನೆ. ಒಪ್ಪದ ಆ ಜನ ಏಕೆ ಸುಮ್ಮನಿದ್ದರು ಎಂದು ಕೇಳುವುದಿಲ್ಲ. 1940ರ ಕೊನೆಯಲ್ಲಿ ಸೈನ್ಯಕ್ಕೆ ಕರೆ ಬಂದಾಗ ಹಿಟ್ಲರನ ಸಮವಸ್ತ್ರ ತೊಟ್ಟು ಪೂರ್ವದ ರಣರಂಗಕ್ಕೂ ಹೋದ. ತನ್ನ ಸೇವೆ ಮನೆಯವರಿಗೆ ರಕ್ಷೆಯಾಗಬಹುದೆಂಬ ಆಸೆ ಇತ್ತು. 1941ರ ಅಕ್ಟೋಬರಿನಲ್ಲಿ ಹೆಂಡತಿ ಯೆಹೂದಿ ಎಂಬ ಕಾರಣಕ್ಕೆ ಸೈನ್ಯವೂ ಅವನನ್ನು ಹಿಂದಕ್ಕೆ ಕಳಿಸಿತು.

ಅದೇ ಕಾಲದ ಡೀಟ್ರಿಖ್ ಬೊನ್‌ಹೋಫರನೂ ಹೆರ್ನ್‌ಹೂಟಿನ ಹೊತ್ತಗೆ ಓದುತ್ತಿದ್ದವನೇ. ಅವನ ಸ್ವಂತ ಬೈಬಲ್‌ನಲ್ಲಿ ದೇವರ ಮನೆಗಳನ್ನು ಸುಟ್ಟರೆಂದು ಗೋಳಿಡುವ 74ನೇ ಕೀರ್ತನೆಯ ಪಕ್ಕದಲ್ಲಿ ಪೆನ್ಸಿಲಿನಿಂದ '9.11.38' ಎಂದು ಬರೆದ ಗುರುತಿದೆ. ಕ್ಲೆಪ್ಪರ್ ವಚನದ ಕೆಳಗೆ ದಿನವನ್ನು ಬರೆದ, ಬೊನ್‌ಹೋಫರ್ ವಚನದ ಪಕ್ಕದಲ್ಲೇ ತಾರೀಖು ಬರೆದ. ರೀತಿ ಒಂದೇ, ಪರಿಣಾಮ ಬೇರೆ. ಒಬ್ಬನಿಗೆ ಅದು ಸಹಿಸುವ ಬಲ ಕೊಟ್ಟಿತು. ಇನ್ನೊಬ್ಬ ಹಿಟ್ಲರನ ವಿರುದ್ಧದ ಸಂಚಿನಲ್ಲಿ ಸೇರಿ, 1945ರ ಏಪ್ರಿಲ್ 9ರಂದು ನೇಣಿಗೇರಿದ. ಹಾಗೆಂದು ಒಬ್ಬನನ್ನು ಹೇಡಿ, ಇನ್ನೊಬ್ಬನನ್ನು ವೀರ ಎನ್ನುವುದು ಸರಿಯಲ್ಲ. ಯೆಹೂದಿ ಹೆಂಡತಿ ಮಗಳನ್ನು ಮನೆಯಲ್ಲಿಟ್ಟುಕೊಂಡವನ ಪ್ರತಿಯೊಂದು ಪ್ರತಿಭಟನೆಯ ಬೆಲೆ ತೆರಬೇಕಾದವರು ಅವರಿಬ್ಬರು. ಇದನ್ನು ತೂಗದೆ ತೀರ್ಪು ಕೊಡುವ ಹಕ್ಕು ನಮಗಿಲ್ಲ.

ಎರಡನೆಯದು, ಜ್ಞಾನಸ್ನಾನ. 1938ರ ಡಿಸೆಂಬರ್ 18ರಂದು ಹಾನ್ನಿ ಕ್ರೈಸ್ತಳಾದಳು. ಅದೇ ದಿನ ಅವರ ಮದುವೆಗೆ ಸಭೆಯ ಆಶೀರ್ವಾದವೂ ದೊರೆಯಿತು. ನಡೆದದ್ದು ಬರ್ಲಿನ್ನಿನ ಮರೀನ್‌ಡೋರ್ಫ್ ಬಡಾವಣೆಯ ಮಾರ್ಟಿನ್ ಲೂಥರ್ ಸ್ಮಾರಕ ಚರ್ಚಿನಲ್ಲಿ. 1930ರ ದಶಕದಲ್ಲಿ ಕಟ್ಟಿದ ಆ ಚರ್ಚು ಇಂದಿಗೂ ಇದೆ. ಅದರ ಜ್ಞಾನಸ್ನಾನದ ತೊಟ್ಟಿಯ ಮೇಲೆ ನಾಜಿ ಪಡೆಯವನೊಬ್ಬನ ಆಕೃತಿ ಕೆತ್ತಿದೆ. ಆ ತೊಟ್ಟಿಯ ಮುಂದೆ ತಲೆಬಾಗಿದ ಯೆಹೂದಿ ಹೆಂಗಸಿನ ಚಿತ್ರವನ್ನು ಊಹಿಸಿಕೊಳ್ಳಿ. ಕ್ಲೆಪ್ಪರನಿಗೆ ಅದು ಬಹುಕಾಲದ ಪ್ರಾರ್ಥನೆ ಫಲಿಸಿದ ದಿನ. ನನಗೆ ಅಲ್ಲಿ ಒಂದು ನೋವು ಕಾಣುತ್ತದೆ. ಯೆಹೂದ್ಯರನ್ನು ಪ್ರೀತಿಸಿದ ಕ್ರೈಸ್ತರೂ ಅವರು ಯೆಹೂದ್ಯರಾಗಿಯೇ ಉಳಿಯುವುದನ್ನು ಪೂರ್ತಿಯಾಗಿ ಪ್ರೀತಿಸಲಾರದೆ ಹೋದರೆ? ಇದು ದ್ವೇಷವಲ್ಲ, ಖಂಡಿತ ಅಲ್ಲ. ಆದರೆ ದ್ವೇಷವನ್ನು ತಡೆಯಲು ಬೇಕಾದ ಪೂರ್ಣ ಗೌರವವೂ ಅಲ್ಲ. ಹಾನ್ನಿ ಏನು ಯೋಚಿಸಿದಳು ಎಂಬುದು ಗಂಡನ ಕೈಬರಹದ ಮೂಲಕ ಮಾತ್ರ ಈ ಪುಸ್ತಕದಲ್ಲಿ ನಮಗೆ ತಲುಪುತ್ತದೆ. ಸಾವಿರ ಪುಟಗಳಲ್ಲಿ ಅವಳದೇ ದನಿಯ ಒಂದು ಪುಟವಿಲ್ಲ. ಈ ಕೊರತೆಯನ್ನು ಓದುಗರು ಪುಸ್ತಕದುದ್ದಕ್ಕೂ ನೆನಪಿನಲ್ಲಿಟ್ಟುಕೊಳ್ಳಬೇಕು.

ಕೊನೆಯ ಪುಟಗಳು

ಹಿರಿಯ ಮಗಳು ಬ್ರಿಗಿಟೆ 1939ರಲ್ಲಿ ಇಂಗ್ಲೆಂಡಿಗೆ ಹೋಗಿ ಉಳಿದುಕೊಂಡಳು. ಕಿರಿಯವಳು ರೆನಾಟೆ ಬರ್ಲಿನ್ನಿನಲ್ಲೇ ಇದ್ದಳು. ಆ ಸೆಪ್ಟೆಂಬರಿನಲ್ಲಿ ಯುದ್ಧ ಶುರುವಾದ ಮೇಲೆ ದಾರಿಗಳು ಒಂದೊಂದಾಗಿ ಮುಚ್ಚಿದವು. 1941ರ ಅಕ್ಟೋಬರಿನಲ್ಲಿ ಯೆಹೂದ್ಯರು ದೇಶ ಬಿಡುವುದನ್ನೇ ನಿಷೇಧಿಸಿದರು. ಗೃಹಮಂತ್ರಿ ವಿಲ್‌ಹೆಲ್ಮ್ ಫ್ರಿಕ್ ಕ್ಲೆಪ್ಪರನ ಕಾದಂಬರಿಯನ್ನು ಮೆಚ್ಚಿದ್ದವನು. ಅವನು ರೆನಾಟೆಗೆ ಒಂದು ರಕ್ಷಣಾಪತ್ರ ಕೊಟ್ಟ. ದೇಶದ ಎಲ್ಲ ಯೆಹೂದ್ಯರ ಹಕ್ಕು ಕಸಿದ ಕಾನೂನುಗಳಿಗೆ ಸಹಿ ಹಾಕಿದವನೂ ಅವನೇ.

1942ರ ಡಿಸೆಂಬರಿನ ಮೊದಲ ವಾರ ಸ್ವೀಡನ್ ರೆನಾಟೆಗೆ ಪ್ರವೇಶದ ಅನುಮತಿ ಕೊಟ್ಟಿತು. ಹೊರಹೋಗಲು ಜರ್ಮನಿಯ ಅನುಮತಿ ಬೇಕಿತ್ತು. ಮಂತ್ರಿ ತನ್ನಿಂದ ಇನ್ನು ಆಗದೆಂದ. ಕ್ಲೆಪ್ಪರ್ ಅಡಾಲ್ಫ್ ಐಖ್‌ಮನ್ ಎಂಬ ಅಧಿಕಾರಿಯ ಕಚೇರಿಗೆ ಹೋಗಿ ಬೇಡಿಕೊಂಡ. ಡಿಸೆಂಬರ್ 10ರಂದು ಇಲ್ಲವೆಂಬ ಉತ್ತರ ಬಂತು. ಆ ರಾತ್ರಿ ಗಂಡ, ಹೆಂಡತಿ, ಮಗಳು ಮೂವರೂ ನಿಕೊಲಾಸ್ಸೇ ಬಡಾವಣೆಯ ತಮ್ಮ ಮನೆಯಲ್ಲಿ ತಮ್ಮ ಪ್ರಾಣ ತಾವೇ ಕಳೆದುಕೊಂಡರು. ಅವನಿಗೆ 39 ವರ್ಷ, ಹಾನ್ನಿಗೆ 52, ರೆನಾಟೆಗೆ 20.

ಈ ಸಾವನ್ನು ಭಕ್ತಿಯ ಸೋಲೆನ್ನಬೇಕೇ, ಭಕ್ತಿಯ ಕೊನೆಯ ನಂಬಿಕೆ ಎನ್ನಬೇಕೇ ಎಂದು ಕ್ರೈಸ್ತರೊಳಗೇ ಬಹಳ ವಾದ ನಡೆದಿದೆ. ನನಗೆ ಆ ವಾದದಲ್ಲಿ ಆಸಕ್ತಿ ಕಡಿಮೆ. ಈ ಮೂವರನ್ನು ಆ ಅಡುಗೆಮನೆಗೆ ತಳ್ಳಿದ್ದು ಅವರ ಭಕ್ತಿಯಲ್ಲ, ಒಂದು ಕಚೇರಿಯ ಮೊಹರು. ಆ ಮೊಹರಿನ ಹಿಂದೆ ಹತ್ತು ವರ್ಷ ಸುಮ್ಮನಿದ್ದ ಒಂದು ಸಮಾಜ. ಆ ಸಮಾಜ ಪ್ರತಿ ಭಾನುವಾರ ಚರ್ಚಿಗೆ ಹೋಗುತ್ತಿತ್ತು.

ಹತ್ತೊಂಬತ್ತು ವರ್ಷಗಳ ನಂತರ, 1961ರಲ್ಲಿ, ಜೆರೂಸಲೇಮಿನಲ್ಲಿ ಐಖ್‌ಮನ್ ವಿಚಾರಣೆ ನಡೆಯಿತು. ಅಲ್ಲಿ ಈ ದಿನಚರಿಯ ಭಾಗಗಳನ್ನು ಸಾಕ್ಷ್ಯವಾಗಿ ಮುಂದಿಟ್ಟರು. ವಚನದ ಕೆಳಗೆ ದಿನವನ್ನೂ ಬರೆಯುವ ಅವನ ಅಭ್ಯಾಸ ಕೊನೆಗೆ ಹೀಗೆ ಕೆಲಸಕ್ಕೆ ಬಂತು. ಬರೀ ವಚನಗಳನ್ನೂ ನೆಮ್ಮದಿಯ ಚಿಂತನೆಗಳನ್ನೂ ಬರೆದಿದ್ದರೆ ಅದು ಯಾವ ನ್ಯಾಯಾಲಯಕ್ಕೂ ಬೇಕಾಗುತ್ತಿರಲಿಲ್ಲ.

ನಮಗೇನು ಸಂಬಂಧ?

ಇದು ಅವರ ಇತಿಹಾಸ, ನಮಗೇಕೆ ಎಂದು ಕೇಳುವವರು ನಮ್ಮಲ್ಲಿದ್ದಾರೆ. ಕೊಚ್ಚಿಯಲ್ಲೂ ಕೊಂಕಣ ತೀರದಲ್ಲೂ ಯೆಹೂದ್ಯರು ಶತಮಾನಗಳ ಕಾಲ ನೆರೆಹೊರೆಯ ಹಿಂದೂ ಮುಸ್ಲಿಮರ ನಡುವೆ ನೆಮ್ಮದಿಯಿಂದ ಬಾಳಿದರೆಂಬುದು ನಿಜ, ಅದು ಹೆಮ್ಮೆಯ ವಿಷಯವೂ ಹೌದು. ಆದರೆ ಆ ಹೆಮ್ಮೆಯ ಮರೆಯಲ್ಲಿ ಒಂದು ಅಸಡ್ಡೆಯೂ ಅಡಗಿದೆ. ನಮ್ಮ ಊರಿನ ಪುಸ್ತಕದಂಗಡಿಗಳಲ್ಲಿ ಹಿಟ್ಲರನ ಆತ್ಮಕಥೆ ವ್ಯಕ್ತಿತ್ವ ವಿಕಸನದ ಪುಸ್ತಕಗಳ ಪಕ್ಕದಲ್ಲೇ ಮಾರಾಟಕ್ಕಿರುತ್ತದೆ. ಕಟ್ಟುನಿಟ್ಟಿನ ಮೇಷ್ಟ್ರನ್ನು 'ಹಿಟ್ಲರ್' ಎಂದು ಕರೆದು ನಗುತ್ತೇವೆ. 'ಹಿಟ್ಲರ್ ಕಲ್ಯಾಣ' ಎಂಬ ಹೆಸರಿನ ಧಾರಾವಾಹಿಯನ್ನು ಮನೆಮಂದಿಯೆಲ್ಲ ಕೂತು ನೋಡಿದ್ದೇವೆ. ಯಾರಲ್ಲೂ ಕೆಟ್ಟ ಉದ್ದೇಶವಿಲ್ಲ. ಆದರೆ ಆ ಹೆಸರನ್ನು ಇಲ್ಲಿನ ಬಸ್ಸಿನಲ್ಲಿ, ಮಕ್ಕಳ ಶಾಲೆಯ ಗೇಟಿನ ಬಳಿ ಕನ್ನಡದಲ್ಲಿ ಜೋರಾಗಿ ಹೇಳಿ ನಕ್ಕರೆ ಕೇಳಿಸಿಕೊಳ್ಳುವವರಿಗೆ ಅರ್ಥವಾಗುವುದು ಆ ಒಂದೇ ಪದ.

ದ್ವೇಷವೂ ಹಳೆಯದಾಗಿಲ್ಲ. 2019ರ ಅಕ್ಟೋಬರ್ 9ರಂದು, ಯೆಹೂದ್ಯರ ಅತಿ ಪವಿತ್ರ ದಿನವಾದ ಯೋಮ್ ಕಿಪ್ಪುರ್‌ನಂದು, ಹಾಲೆ ನಗರದ ಸಿನಗಾಗ್‌ಗೆ ಬಂದೂಕುಧಾರಿಯೊಬ್ಬ ನುಗ್ಗಲು ಯತ್ನಿಸಿದ. ಒಳಗೆ ಐವತ್ತಕ್ಕೂ ಹೆಚ್ಚು ಜನ ಪ್ರಾರ್ಥನೆಯಲ್ಲಿದ್ದರು. ಬಾಗಿಲು ಮುರಿಯಲಿಲ್ಲ, ಹಾಗಾಗಿ ಅವರು ಉಳಿದರು. ಹೊರಗೆ ಇಬ್ಬರು ಸತ್ತರು. ಒಬ್ಬರು ದಾರಿಹೋಕರು, ಇನ್ನೊಬ್ಬರು ಕಬಾಬ್ ಅಂಗಡಿಯಲ್ಲಿದ್ದವರು. ಯೆಹೂದ್ಯರನ್ನು ಹುಡುಕಿಕೊಂಡು ಹೊರಟ ದ್ವೇಷ ಆಮೇಲೆ ವಲಸಿಗರ ಊಟದಂಗಡಿಗೆ ಹೋಯಿತು. ಇದನ್ನು ನಮ್ಮ ಮಕ್ಕಳಿಗೆ ವಿವರಿಸಿ ಹೇಳಬೇಕಿಲ್ಲ, ಅವರಿಗೇ ತಿಳಿಯುತ್ತದೆ.

ಇಸ್ರೇಲ್ ಸರ್ಕಾರದ ನಡೆಗಳ ಬಗ್ಗೆ ನಮ್ಮ ಸಂಘದಲ್ಲೇ ಹಲವು ಅಭಿಪ್ರಾಯಗಳಿವೆ, ಇರಲಿ. ಒಂದು ಸರ್ಕಾರವನ್ನು ಟೀಕಿಸುವುದು ಬೇರೆ, ಪಕ್ಕದ ಬೀದಿಯ ಸಿನಗಾಗ್‌ಗೆ ಪೊಲೀಸರ ಕಾವಲು ಬೇಕಾಗುವುದು ಬೇರೆ. ಮೊದಲನೆಯದರ ವಾದ ಎರಡನೆಯದಕ್ಕೆ ನೆಪವಾಗಬಾರದು.

ನಮ್ಮ ಓದುಗರಲ್ಲಿ ಮಂಗಳೂರು, ಉಡುಪಿ, ಧಾರವಾಡದ ಕಡೆಯ ಕ್ರೈಸ್ತರಿದ್ದಾರೆ. ಬೆಳಿಗ್ಗೆ ವಿಷ್ಣುಸಹಸ್ರನಾಮ ಕೇಳುವವರಿದ್ದಾರೆ, ವಚನ ಓದುವವರಿದ್ದಾರೆ, ನಮಾಜು ಮಾಡುವವರಿದ್ದಾರೆ. ಕ್ಲೆಪ್ಪರನ ಪುಸ್ತಕ ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತದೆ: ನೀವು ಬೆಳಿಗ್ಗೆ ಓದಿದ ಸಾಲಿನ ಕೆಳಗೆ ಇಂದಿನ ದಿನಕ್ಕೆ ಜಾಗವಿದೆಯೇ? ಅದರಲ್ಲಿ ನೆರೆಯವನ ಹೆಸರಿದೆಯೇ? ಅವನು ಅಷ್ಟನ್ನು ಮಾಡಿದ. ಅದು ಸಾಲಲಿಲ್ಲ ಎಂಬುದನ್ನೂ ಅವನ ಪುಸ್ತಕವೇ ತೋರಿಸುತ್ತದೆ. ಬರೆದ ಮೇಲೆ ಎದ್ದು ಬಾಗಿಲು ತೆರೆಯಬೇಕಾದವರು ಅಕ್ಕಪಕ್ಕದವರು. ಅವರಲ್ಲಿ ಬಹಳ ಮಂದಿ ತೆರೆಯಲಿಲ್ಲ.

ಮೇಲಂತಸ್ತಿನ ವೃದ್ಧೆ ಈಗಿಲ್ಲ. ಅವರು ಉಜ್ಜುತ್ತಿದ್ದ ಮೂರು ಕಲ್ಲುಗಳು ಇವೆ. ಈಗ ನವೆಂಬರ್ 9ರಂದು ನಾವೂ ಮನೆಯವರೆಲ್ಲ ಒಂದು ಹಳೆಯ ಪಂಚೆಯ ತುಂಡು ತೆಗೆದುಕೊಂಡು ಹೋಗುತ್ತೇವೆ. ರಾಜ್ಯೋತ್ಸವದ ಹೋಳಿಗೆ ಉಳಿದಿದ್ದರೆ ಅಲ್ಲಿ ಬಂದವರಿಗೆ ಕೊಡುತ್ತೇವೆ. ಮಗನಿಗೆ ಈಗ ಹದಿನೈದು ವರ್ಷ. ಕಲ್ಲಿನ ಮೇಲಿನ ಹೆಸರುಗಳನ್ನು ಅವನೇ ಜೋರಾಗಿ ಓದುತ್ತಾನೆ.